ತಗಡೂರಿನ ತಾಮ್ರಪಟವೂ ಮೊಬೈಲಿನ ಸುಳ್ಳು ಸೀಲೂ

ಸುಳ್ಳು ದಾಖಲೆ ತೋರಿಸಿ ಆಸ್ತಿ ಹೊಡೆಯೋದು ಮೊಬೈಲ್ ಬಂದ ಮೇಲೆ ಶುರುವಾದ ದಂಧೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಮೈಸೂರು ಸೀಮೆಯಲ್ಲಿ ಅದಕ್ಕೆ ಶತಮಾನಗಳ ಇತಿಹಾಸ ಇದೆ.

ನಂಜನಗೂಡು ತಾಲ್ಲೂಕಿನಲ್ಲಿ ತಗಡೂರು ಅಂತ ಒಂದು ಊರಿದೆ. ಆ ಹೆಸರು ಹೇಳಿದ ತಕ್ಷಣ ಹಿರಿಯರಿಗೆ ಖಾದಿ, ಸ್ವಾತಂತ್ರ್ಯ ಹೋರಾಟ, ತಗಡೂರು ರಾಮಚಂದ್ರರಾಯರು ನೆನಪಾಗುತ್ತಾರೆ. ಶಾಸನ ಓದುವವರಿಗೆ ನೆನಪಾಗೋದು ಬೇರೆ. ಅಲ್ಲಿ ಸಿಕ್ಕ ಒಂದು ತಾಮ್ರಪಟ. ಅದರಲ್ಲಿ ಗಂಗರ ರಾಜ ಹರಿವರ್ಮನ ಹೆಸರಿದೆ, ಶಕ ವರ್ಷ 188 ಅಂತ ಕೆತ್ತಿದೆ. ಅಂದರೆ ಕ್ರಿ.ಶ. 266ರ ಆಸುಪಾಸು. ಗಂಗರ ರಾಜಧಾನಿ ತಲಕಾಡು, ಇವತ್ತಿನ ಟಿ. ನರಸೀಪುರ ತಾಲ್ಲೂಕು. ಈ ಎರಡೂ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1894ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಮೂರನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು.

ಇಂಥ ಪಟಗಳ ಬಗ್ಗೆ ಜಗಳ ನಡೆಯಿತು. ಜೆ.ಎಫ್. ಫ್ಲೀಟ್ ಎಂಬ ಇನ್ನೊಬ್ಬ ಮಹಾ ವಿದ್ವಾಂಸರು ಗಂಗರ ಹಲವು ತಾಮ್ರಪಟಗಳನ್ನು ಹಿಡಿದು, ಇವು ಅಸಲಿ ಅಲ್ಲ ಅಂದುಬಿಟ್ಟರು. ತಗಡೂರಿನದೂ ಆ ಪಟ್ಟಿಯಲ್ಲಿತ್ತು. ಕಾರಣ ಸರಳ. ಪಟದಲ್ಲಿ ಬರೆದ ವರ್ಷ ಒಂದು ಕಾಲದ್ದು, ಅಕ್ಷರದ ರೂಪ ಬಹಳ ಮುಂದಿನ ಕಾಲದ್ದು. ರೈಸ್ ಒಪ್ಪಲಿಲ್ಲ. ವಾದ ವರ್ಷಗಟ್ಟಲೆ ನಡೆಯಿತು. ಇಂಥ ಪಟಗಳಿಗೆ ನಮ್ಮ ಶಾಸನತಜ್ಞರು ಇಟ್ಟ ಹೆಸರು 'ಕೂಟಶಾಸನ'.

ಸುಳ್ಳು ತಾಮ್ರಪಟ ಯಾಕೆ ಮಾಡುತ್ತಿದ್ದರು? ಭೂಮಿಗಾಗಿ ಸ್ವಾಮಿ! ತಾಮ್ರಪಟ ಅಂದರೆ ಆ ಕಾಲದ ಹಕ್ಕುಪತ್ರ. ಮೇಲೆ ರಾಜನ ವಂಶಾವಳಿ, ಉಂಗುರಕ್ಕೆ ಗಂಗರ ಆನೆ ಮುದ್ರೆ. ಓದಲು ಬಾರದ ರೈತ ಅದನ್ನು ನೋಡಿ ಕೈ ಮುಗಿದು ನಿಲ್ಲಬೇಕಿತ್ತು, ಅಷ್ಟೇ. ಸ್ಮೃತಿಗಳಲ್ಲಿ ಕೂಟಶಾಸನ ಮಾಡಿದವನಿಗೆ ಮರಣದಂಡನೆ ಹೇಳಿದೆ. ಅಷ್ಟು ಕಠಿಣ ಶಿಕ್ಷೆ ಇದ್ದರೂ ಸುಳ್ಳು ಪಟಗಳು ಬಂದವು. ಯಾಕಂದರೆ ಶಿಕ್ಷೆ ಕೊಡೋಕೆ ಮೊದಲು ಇದು ಸುಳ್ಳು ಅಂತ ಹೇಳಬಲ್ಲವನು ಒಬ್ಬ ಬೇಕಲ್ಲ?

ಆ ಹೇಳಬಲ್ಲವರನ್ನು ತಯಾರು ಮಾಡೋಕೆ ಮೈಸೂರು ಸಂಸ್ಥಾನ ದುಡ್ಡು ಹಾಕಿತು. 1885ರಲ್ಲಿ ಪುರಾತತ್ವ ಇಲಾಖೆ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. ಮುಂದೆ ಆ ವಿಶ್ವವಿದ್ಯಾಲಯದ ಇತಿಹಾಸದ ಪ್ರೊಫೆಸರ್ ಎಂ.ಎಚ್. ಕೃಷ್ಣ ಅವರೇ ಇಲಾಖೆಯ ನಿರ್ದೇಶಕರಾದರು. ಸರ್ಕಾರದ ದುಡ್ಡು, ವಿಶ್ವವಿದ್ಯಾಲಯದ ವಿದ್ಯೆ.

ಇನ್ನೊಂದು ಕೆಲಸವನ್ನೂ ಮೈಸೂರು ವಿಶ್ವವಿದ್ಯಾಲಯ ಮಾಡಿತು. ಅದನ್ನು ನಾವು ಮರೆತಿದ್ದೇವೆ. 1930ರ ದಶಕದಲ್ಲಿ ಅಲ್ಲಿನ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟರು. ವಿಜ್ಞಾನ, ಆರೋಗ್ಯ, ಇತಿಹಾಸ, ಯಾವುದನ್ನೂ ಬಿಡಲಿಲ್ಲ. ಆ ಉಪನ್ಯಾಸಗಳು ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಹಳ್ಳಿಯ ಮನೆಗಳಿಗೆ ಹೋದವು.

ಈಗ ನಮ್ಮ ಕಾಲಕ್ಕೆ ಬರೋಣ. ಕೈಬರಹದ ಪಹಣಿಯ ಕಾಲ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಪುಸ್ತಕ ಶ್ಯಾನುಭೋಗರ ಕೈಯಲ್ಲಿ, ಆಮೇಲೆ ಗ್ರಾಮ ಲೆಕ್ಕಿಗರ ಕೈಯಲ್ಲಿ. ಒಂದು ಗೀಟು ಹಾಕಿದರೆ ಒಬ್ಬನ ಹೊಲ ಇನ್ನೊಬ್ಬನದು! 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಏರಿದವು. 15 ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲೇ ಪಹಣಿ ಸಿಕ್ಕಿತು. ತಿದ್ದುಪಡಿ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂದಾಯಿತು. ಬೆರಳಚ್ಚನ್ನು ಯಾರು ನಕಲು ಮಾಡ್ತಾರೆ ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು.

ಮಾಡಿದರು. 2023ರಲ್ಲಿ ನಮ್ಮ ರಾಜ್ಯದಲ್ಲೇ ಅದು ಹೊರಬಂತು. ಆಸ್ತಿ ನೋಂದಣಿಯ 'ಕಾವೇರಿ' ಪೋರ್ಟಲ್‌ನಿಂದ ಕ್ರಯಪತ್ರ ಇಳಿಸಿಕೊಳ್ಳೋದು, ಅದರಲ್ಲಿರುವ ಹೆಬ್ಬೆರಳಿನ ಗುರುತಿನ ಅಚ್ಚು ತೆಗೆಯೋದು, ಆಧಾರ್ ಸಂಖ್ಯೆ ಸೇರಿಸಿ ಬ್ಯಾಂಕ್ ಖಾತೆಯಿಂದ ಹಣ ಎತ್ತೋದು. ಆಧಾರ್ ಆಧಾರಿತ ಪಾವತಿಗೆ ಪಿನ್ ಬೇಡ, ಒಟಿಪಿ ಬೇಡ. ಆಮೇಲೆ ಸರ್ಕಾರ ಆ ಬೆರಳಚ್ಚುಗಳನ್ನು ಮರೆಮಾಚಲು ಮುಂದಾಯಿತು. ಟಿ. ನರಸೀಪುರದ ಪಕ್ಕದಲ್ಲೇ ಹರಿಯುವ ನದಿಯ ಹೆಸರಿನ ಪೋರ್ಟಲ್ ಅದು. ಸೈಟು, ಗದ್ದೆ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದ ಆ ಊರಿನ ರೈತನೂ ಹೆಬ್ಬೆಟ್ಟು ಒತ್ತಿ ಬಂದಿರುತ್ತಾನೆ.

ಇನ್ನು ಡಿಜಿಟಲ್ ಅರೆಸ್ಟ್. ಸ್ಟುಡಿಯೋದಲ್ಲಿ ಕೂತು ಈ ಸುದ್ದಿ ಓದಿ ಓದಿ ನನಗೆ ಸಾಕಾಗಿದೆ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಸಮವಸ್ತ್ರ, ಹಿಂದೆ ಠಾಣೆಯ ಗೋಡೆ, ಕೋರ್ಟಿನ ಸೀಲು ಒತ್ತಿದ ನೋಟಿಸು. ಯೋಚನೆ ಮಾಡಿ, ತಾಮ್ರಪಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದೇ ದೊಡ್ಡವರ ಹೆಸರು, ಅದೇ ಮುದ್ರೆ, ಅದೇ ಹೆದರಿಕೆ. ಪರೀಕ್ಷೆ ಮಾಡಲು ಗೊತ್ತಿಲ್ಲದ ಅದೇ ಜನ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಗಳು ಮನ್ ಕಿ ಬಾತ್‌ನಲ್ಲಿ ಇದರ ಬಗ್ಗೆ ಎಚ್ಚರಿಸಿದಾಗ ಕೇಳಿಸಿದ ಸಂಭಾಷಣೆ ನಮ್ಮ ವಿಜಯಪುರದವರೊಬ್ಬರದು. ಅವರು ಹೆದರಲಿಲ್ಲ, ರೆಕಾರ್ಡ್ ಮಾಡಿಕೊಂಡರು.

ಕರ್ನಾಟಕ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲಿ ಬಂತು, ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆ ಆಯ್ತು. ಆಮೇಲೆ ಜಿಲ್ಲೆಗಳಿಗೆ ಸಿಇಎನ್ ಠಾಣೆಗಳು ಬಂದವು. ಎಲ್ಲಕ್ಕಿಂತ ಮುಖ್ಯವಾಗಿ, ರಾಜ್ಯ ಸರ್ಕಾರದ ಬೆಂಬಲದಿಂದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಆಧಾರವಾಗಿಟ್ಟುಕೊಂಡು ಸೈಬರ್ ಭದ್ರತೆಯ ಉತ್ಕೃಷ್ಟತಾ ಕೇಂದ್ರ ಬಂತು. 'ಸೈಸೆಕ್' ಅಂತ ಕರೀತಾರೆ. ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ತರಬೇತಿ, ಸಂಶೋಧನೆ, ಹೊಸ ಸ್ಟಾರ್ಟಪ್‌ಗಳಿಗೆ ನೆರವು, ಜನಜಾಗೃತಿ, ಎಲ್ಲ ಅದರ ಕೆಲಸದ ಪಟ್ಟಿಯಲ್ಲಿದೆ. 2024ರಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿಯೂ ಬಂತು.

ಈ ವಿಜ್ಞಾನ ಸಂಸ್ಥೆ ನಿಂತಿರೋದು ಯಾರ ನೆಲದ ಮೇಲೆ ಗೊತ್ತಾ? ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ. 1909ರಲ್ಲಿ ಸಂಸ್ಥೆ ಹುಟ್ಟುವಾಗ ನೆಲ ನಮ್ಮದು, ಅಂದರೆ ನಂಜನಗೂಡು, ನರಸೀಪುರದ ರೈತನ ಕಂದಾಯದ ಸಂಸ್ಥಾನದ್ದು. ಹಾಗಾಗಿ ಅಲ್ಲಿನ ವಿದ್ಯೆಯ ಮೇಲೆ ಆ ರೈತನ ಮೊಮ್ಮಕ್ಕಳಿಗೆ ಹಕ್ಕಿದೆ ಅಂತ ನಾನು ಹೇಳ್ತೀನಿ.

ನನ್ನ ತಕರಾರು ಇಷ್ಟೇ. ಬೆಂಗಳೂರಿನಲ್ಲಿ ಎಂಥ ಕೇಂದ್ರ ಇದ್ದರೂ, ವಂಚಕನ ಫೋನ್ ಬರೋದು ನಂಜನಗೂಡಿನ ನಿವೃತ್ತ ಮೇಷ್ಟ್ರ ಮನೆಗೆ. ಅಲ್ಲಿಗೆ ವಂಚಕ ಐದು ನಿಮಿಷದಲ್ಲಿ ತಲುಪುತ್ತಾನೆ. ನಮ್ಮ ವಿದ್ವಾಂಸರು ಯಾವಾಗ ತಲುಪೋದು? ನಂಜನಗೂಡಿನ ದೊಡ್ಡ ಜಾತ್ರೆಗೆ ಐದು ತೇರು ಎಳೆಯಲು ಸೇರುವ ಜನ ಎಷ್ಟು! ತಿರುಮಕೂಡಲಿನ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೀತಿದೆ. ಅಲ್ಲೊಂದು ಮಳಿಗೆ ಹಾಕಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡೋದು ಹೇಗೆ ಅಂತ ಅಜ್ಜಿಯ ಕೈಯಲ್ಲೇ ಮಾಡಿಸಿ ತೋರಿಸಿ. ತಾಲ್ಲೂಕಿನ ಪದವಿ ಕಾಲೇಜಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಅವರವರ ಊರಿಗೇ ಕಳಿಸಿ. ಪ್ರಚಾರೋಪನ್ಯಾಸದವರು ಆ ಕಾಲದಲ್ಲೂ ಊರೂರಿಗೆ ಹೋದರು. ನಮಗೇನು ಧಾಡಿ?

ಅಲ್ಲಿಯವರೆಗೆ ನೀವು ಮಾಡಬೇಕಾದ್ದು ಇದು. ಸೀಲು ನೋಡಿ ಹೆದರಬೇಡಿ. ಫೋನ್ ಕಟ್ ಮಾಡಿ, ಮನೆಯವರಿಗೆ ಹೇಳಿ, ಹತ್ತಿರದ ಠಾಣೆಗೆ ಹೋಗಿ ಕೇಳಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ವಂಚಕ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸಿ ಎತ್ತಿಕೊಳ್ಳುವ ಮೊದಲೇ ತಡೆಹಿಡಿದರೆ ಮಾತ್ರ ಅದು ಉಳಿಯುತ್ತೆ. ನಾಚಿಕೆಪಟ್ಟು ಒಂದು ದಿನ ಸುಮ್ಮನಿದ್ದರೆ ಹೋದದ್ದು ಹೋದ ಹಾಗೇ. ಈ ನಂಬರನ್ನು ಇವತ್ತೇ ಮನೆಯ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಕಿ. ಪಕ್ಕದ ಮನೆಯವರಿಗೂ ಹೇಳಿ.