ನೀರುಬಾವಿನ ಮದ್ದು

ಹೃದಯವು ದುರ್ಬಲವಾಗಿ ರಕ್ತವನ್ನು ಸಾಕಷ್ಟು ಮುಂದೂಡಲಾರದೆ ಹೋದಾಗ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೊರಬಿಡದೆ ಹಿಡಿದುಕೊಳ್ಳುವುವು. ಕಾಲು ಬಾತು, ಹೊಟ್ಟೆ ಉಬ್ಬಿ, ಮಲಗಿದೊಡನೆ ಉಸಿರು ಕಟ್ಟುವುದು. ಈ ಕಾರ್ಯಕಾರಣ ಸಂಬಂಧವನ್ನು ಸ್ಪಷ್ಟವಾಗಿ ಅರಿಯದಿದ್ದ 18ನೆಯ ಶತಮಾನದ ಇಂಗ್ಲೆಂಡಿನ ವೈದ್ಯರು, ಕಣ್ಣಿಗೆ ಕಾಣುವ ನೀರನ್ನೇ ರೋಗವೆಂದು ಬಗೆದು, ಭೇದಿಗೆ ಕೊಟ್ಟು, ರಕ್ತ ತೆಗೆದು, ಕಡೆಗೆ ಹೊಟ್ಟೆಯನ್ನೇ ಚುಚ್ಚಿ ನೀರಿಳಿಸಿ, ಬಳಲಿದವನನ್ನು ಮತ್ತಷ್ಟು ಬಳಲಿಸುತ್ತಿದ್ದರು.

1775ರಲ್ಲಿ, ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ವಿಲಿಯಂ ವಿದರಿಂಗನ ಮುಂದೆ ಈ ನೀರುಬಾವಿನ ಒಂದು ಮನೆಮದ್ದಿನ ವಿಚಾರ ಬಂದಿತು. ಶ್ರಾಪ್‌ಷೈರಿನ ಮುದುಕಿಯೊಬ್ಬಳು ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದ ಆ ಮದ್ದು, ಕ್ರಮವಾಗಿ ಕಲಿತ ವೈದ್ಯರು ಕೈಬಿಟ್ಟವರನ್ನೂ ಒಮ್ಮೊಮ್ಮೆ ಗುಣಪಡಿಸುತ್ತಿತ್ತಂತೆ. ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಿದ್ದ ಆ ಯೋಗದಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲವ್ ಗಿಡದ ಎಲೆಯೊಂದೇ ಎಂಬುದನ್ನು ಆತನು ಬೇಗನೆ ಊಹಿಸಿದನು. (ಆ ಮುದುಕಿಗೆ ‘ಮದರ್ ಹಟನ್’ ಎಂದು ನಾಮಕರಣ ಮಾಡಿದುದು 1928ರ ಔಷಧಿಯ ಜಾಹೀರಾತು, ವಿದರಿಂಗನು ಆಕೆಯ ಹೆಸರನ್ನು ಎಲ್ಲಿಯೂ ಹೇಳಿಲ್ಲ.)

ಆದರೆ ಆತನ ಹಿರಿಮೆ ಈ ಊಹೆಯಲ್ಲಿಲ್ಲ. ಗಿಡವು ಮೂಲಿಕೆಯವರಿಗೆ ಹಿಂದಿನಿಂದಲೂ ಪರಿಚಿತವಾಗಿತ್ತು, ವಿಷವೆಂದೂ ತಿಳಿದಿತ್ತು. ವಿಷವು ಎಷ್ಟರಮಟ್ಟಿಗೆ ಔಷಧವಾದೀತೆಂಬ ಗಣನೆಯೊಂದೇ ಇರಲಿಲ್ಲ. ಎಲೆಯ ಶಕ್ತಿ ಋತುವಿನಿಂದ ಋತುವಿಗೆ ಬದಲಾಗುವುದನ್ನು ಕಂಡ ಆತನು, ಹೂ ಬಿಡುವ ಕಾಲದಲ್ಲಿಯೇ ಅದನ್ನು ಕೊಯ್ದು ಒಣಗಿಸಿ ಪುಡಿಮಾಡಿ, ಒಂದರಿಂದ ಮೂರು ಗ್ರೇನಿನಷ್ಟನ್ನು ದಿನಕ್ಕೆ ಎರಡು ಬಾರಿ ಕೊಟ್ಟು, ಮೂತ್ರವು ಹರಿಯತೊಡಗಿದರೆ, ಇಲ್ಲವೆ ವಾಕರಿಕೆಯೋ ಭೇದಿಯೋ ನಾಡಿಯ ಮಾಂದ್ಯವೋ ಕಂಡರೆ ತತ್‌ಕ್ಷಣವೇ ನಿಲ್ಲಿಸಬೇಕೆಂದು ವಿಧಿಸಿದನು. ಮಾತ್ರೆ ಮೀರಿದರೆ ನೋಡಿದ ವಸ್ತುವೆಲ್ಲ ಹಸುರಾಗಿಯೋ ಹಳದಿಯಾಗಿಯೋ ತೋರುವುದೆಂಬುದನ್ನೂ ಗುರುತಿಸಿದನು. ಹತ್ತು ವರ್ಷಗಳ ಈ ಅನುಭವವನ್ನು 1785ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸುವಾಗ ಸೋತ ಪ್ರಸಂಗಗಳನ್ನೂ ಬಿಡದೆ ಬರೆದನು. ವೈದ್ಯಗ್ರಂಥಗಳಲ್ಲಿ ಇಂತಹ ಪ್ರಾಮಾಣಿಕತೆ ಇಂದಿಗೂ ಸುಲಭವಲ್ಲ. ಸಮಕಾಲೀನ ವೈದ್ಯ ಎರಾಸ್ಮಸ್ ಡಾರ್ವಿನ್ನನು ಇದೇ ಮದ್ದಿನ ವಿಚಾರವನ್ನು 1780ರಲ್ಲಿಯೇ, ವಿದರಿಂಗನ ಹೆಸರೆತ್ತದೆ, ಅಚ್ಚು ಹಾಕಿಸಿದ್ದನೆಂಬುದು ಬೇರೆಯ ಕಥೆ.

ವಿಚಿತ್ರವೆಂದರೆ, ಈ ಎಲೆಗೆ ಹೃದಯದ ಚಲನೆಯ ಮೇಲೆ ಅಸಾಧಾರಣ ಪ್ರಭಾವವಿದೆಯೆಂದು ಬರೆದಿಟ್ಟವನೇ ಅದನ್ನು ಪ್ರಧಾನವಾಗಿ ಮೂತ್ರಲವೆಂದೇ ನಂಬಿದ್ದನು. 1930ರಲ್ಲಿ ಅದೇ ಕುಲದ ಮತ್ತೊಂದು ಗಿಡದಿಂದ ಸಿಡ್ನಿ ಸ್ಮಿತ್ ಡಿಗಾಕ್ಸಿನ್ನನ್ನು ಪ್ರತ್ಯೇಕಿಸಿದ ಮೇಲೆ ಎಲೆಯ ಪುಡಿಯ ಅನಿಶ್ಚಿತತೆ ತಪ್ಪಿತು. ಡಿಗಾಕ್ಸಿನ್ ರೋಗಿಯ ಆಸ್ಪತ್ರೆವಾಸವನ್ನು ತಗ್ಗಿಸುವುದೇ ಹೊರತು ಮರಣವನ್ನಲ್ಲವೆಂದು 1997ರ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಈಗ ಬೇರೆ ಔಷಧಗಳು ಮುಂದಿನ ಸಾಲಿಗೆ ಬಂದಿವೆ, ಡಿಗಾಕ್ಸಿನ್ನನ್ನು ಆಯ್ದ ಕೆಲವರಿಗೆ ಮಾತ್ರ, ಮೂತ್ರಪಿಂಡದ ಬಲವನ್ನು ನೋಡಿಕೊಂಡು, ಅತ್ಯಲ್ಪ ಪ್ರಮಾಣದಲ್ಲಿ ಕೊಡುತ್ತಾರೆ.