ಮಾರಿಕುಪ್ಪಂನ ರೈಲು, ಮೆಟ್ನರನ ಪಿಯಾನೊ

ಯುರೋಪಿನ ಹಳೆಯ ವಿಶ್ವವಿದ್ಯಾನಿಲಯಗಳಲ್ಲಿ ಆರ್ಗನಿಸ್ಟ್ ಎಂಬ ಹುದ್ದೆಯೊಂದಿದೆ. ಭಾನುವಾರ ಪ್ರಾರ್ಥನಾಮಂದಿರದಲ್ಲಿ ಪೈಪ್ ಆರ್ಗನ್ ನುಡಿಸುವ ಮನುಷ್ಯನೇ ಎಷ್ಟೋ ಸಲ ವಾರದ ಉಳಿದ ದಿನಗಳಲ್ಲಿ ಹಳೆಯ ಹಸ್ತಪ್ರತಿ ಓದುತ್ತ, ಸಂಗೀತದ ಚರಿತ್ರೆ ಬರೆಯುತ್ತ ಇರುತ್ತಾನೆ. ಬೆರಳಿನ ವಿದ್ಯೆ, ತಲೆಯ ವಿದ್ಯೆ ಎರಡೂ ಒಬ್ಬನಲ್ಲೇ ಕೂಡಬೇಕು ಎನ್ನುವ ನಂಬಿಕೆ ಅದರ ಹಿಂದಿದೆ. ನಮ್ಮ ಕಡೆ ಅಂಥ ಹುದ್ದೆಗೆ ಜಾಗವಿರಲಿಲ್ಲ. ಆದರೆ 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ 1940ರಲ್ಲಿ ಬಂದ ಕುಲಾಧಿಪತಿ ಮಾತ್ರ ಆ ಜಾತಿಗೆ ತೀರ ಹತ್ತಿರದವರು. ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದಿದ್ದರು. ವೀಣೆಯನ್ನು ವೆಂಕಟಗಿರಿಯಪ್ಪನವರ ಬಳಿ ಕಲಿತಿದ್ದರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಅವರು ಜಯಚಾಮರಾಜ ಒಡೆಯರ್.

ಅವರ ಬಗ್ಗೆ ಮೈಸೂರಿನವರು ಬರೆದದ್ದು ಬೇಕಾದಷ್ಟಿದೆ. ನಾನು ಬಂಗಾರಪೇಟೆಯವನು. ನಮ್ಮೂರಿನ ಸ್ಟೇಷನ್ನಿನಿಂದ ಮಾರಿಕುಪ್ಪಂಗೆ ಒಂದು ಕವಲು ಹಾದಿ ಹೋಗುತ್ತದೆ. 1894ರಲ್ಲಿ, ಊರಿಗೆ ಇನ್ನೂ ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿದ್ದಾಗ, ಚಿನ್ನದ ಗಣಿಗಳಿಗೆಂದೇ ಹಾಕಿದ ಹಳಿ ಅದು. ಮೇಲೆ ಬರುವುದು ಕಲ್ಲಿದ್ದಲು, ಯಂತ್ರ, ಆಳು. ಕೆಳಗೆ ಹೋಗುವುದು ಬಂಗಾರ. ಒಡೆಯರ ಸಂಗೀತದ ಕಥೆಯನ್ನು ಈ ಹಳಿಯ ಪಕ್ಕ ನಿಂತು ನೋಡಿದರೆ ಬೇರೆ ಥರ ಕಾಣುತ್ತದೆ. ಅದಕ್ಕೇ ಈ ಬರಹ.

ಮೊದಲು ಸಂಗೀತದ ಮಾತು. 1919ರ ಜುಲೈ 18ರಂದು ಹುಟ್ಟಿದ ಈ ಹುಡುಗನಿಗೆ ಕಛೇರಿ ಕೊಡುವ ಪಿಯಾನೊ ವಾದಕನಾಗುವ ಆಸೆಯಿತ್ತು. 1940ರ ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನ ಬಂತು, ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು. ಆದರೆ ಕಿವಿಯನ್ನು ಯಾರೂ ಕಸಿದುಕೊಳ್ಳಲಾಗದಲ್ಲ! ಅರಮನೆಗೆ ಸಾವಿರಗಟ್ಟಲೆ ಧ್ವನಿಮುದ್ರಿಕೆಗಳು ಬಂದವು. ಶ್ರೀಮಂತರು ಕಾರು ಕೂಡಿಹಾಕುವ ಹಾಗೆ ಕೂಡಿಹಾಕಿದ್ದಲ್ಲ ಅದು. ಯಾವ ಸಂಗೀತಕಾರನ ಯಾವ ಕೃತಿ ಇನ್ನೂ ಮುದ್ರಣವಾಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಏನಿದೆ ಎಂದು ತಿಳಿದವರು ಸಿಗುತ್ತಾರೆ, ಏನಿಲ್ಲ ಎಂದು ತಿಳಿಯಬೇಕಾದರೆ ವಿದ್ವಾಂಸನೇ ಆಗಿರಬೇಕು.

ಹಾಗೆ ಅವರ ಕಣ್ಣಿಗೆ ಬಿದ್ದವನು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1921ರಲ್ಲಿ ರಷ್ಯಾ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ ರಚನಕಾರ. ರಹ್ಮಾನಿನಫ್ ತನ್ನ ನಾಲ್ಕನೆಯ ಪಿಯಾನೊ ಕನ್ಸರ್ಟೊವನ್ನು ಇವನಿಗೆ ಅರ್ಪಿಸಿದ; ಇವನು ತನ್ನ ಎರಡನೆಯದನ್ನು ಅವನಿಗೆ ಅರ್ಪಿಸಿದ. ಸಮಕಾಲೀನರು ಗೌರವಿಸಿದರೂ ಸಾರ್ವಜನಿಕರು ಹೆಚ್ಚು ಕೇಳದ ಸಂಗೀತ ಅವನದು. ಹೊಸ ಶತಮಾನದ ಅಪಸ್ವರಗಳೆಂದರೆ ಅವನಿಗೆ ಆಗುತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಎದೆನೋವು ಹಿಡಿಯಿತು, ಶಿಷ್ಯೆಯೊಬ್ಬಳ ಮನೆಯಲ್ಲಿ ಆಶ್ರಯ ಪಡೆಯಬೇಕಾಯಿತು. 1944ರ ಫೆಬ್ರವರಿಯಲ್ಲಿ ಆಲ್ಬರ್ಟ್ ಹಾಲ್‌ನಲ್ಲಿ ಮೂರನೆಯ ಕನ್ಸರ್ಟೊವನ್ನು ತಾನೇ ನುಡಿಸಿದ. ಅದನ್ನು ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ.

ಒಡೆಯರ್ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪಿಸಿ, ಎಚ್‌ಎಂವಿ ಕಂಪನಿಯ ಮೂಲಕ ಅವನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ಮುದ್ರಿಸುವ ವೆಚ್ಚ ಹೊತ್ತರು. 1947ರಲ್ಲಿ ಮೂರೂ ಕನ್ಸರ್ಟೊಗಳು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮುದ್ರಣವಾದವು. ಅದು 78 ಸುತ್ತಿನ ಪ್ಲೇಟಿನ ಕಾಲ. ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ ಹಿಡಿಸಿದರೆ ಹೆಚ್ಚು. ಅರ್ಧ ಗಂಟೆಗೂ ಮೀರಿದ ಕೃತಿಯನ್ನು ತುಂಡು ತುಂಡಾಗಿ ನುಡಿಸಿ, ಕೇಳುವವರು ಮಧ್ಯೆ ಮಧ್ಯೆ ಎದ್ದು ಪ್ಲೇಟು ಮಗುಚಬೇಕು. ಆ ಪ್ಲೇಟಿನ ಅಂಟಿಗೆ ಬೇಕಾದ ಅರಗು ಬಹುಪಾಲು ಹೋಗುತ್ತಿದ್ದುದು ಭಾರತದ ಕಾಡುಗಳಿಂದಲೇ. ಅರಗಾಗಿ ಹಡಗು ಹತ್ತಿ ಹೋದದ್ದು ಮೆಟ್ನರನ ಸಂಗೀತವಾಗಿ ಮೈಸೂರಿಗೆ ವಾಪಸು ಬಂತು ಎಂದರೆ ತಪ್ಪಾಗಲಾರದು. 1951ರ ನವೆಂಬರ್‌ನಲ್ಲಿ ಮೆಟ್ನರ್ ತೀರಿಕೊಂಡ. ಇಂದು ಅವನ ಕೃತಿ ನುಡಿಸಲು ಕೂರುವವರಿಗೆ ಅವನ ಕೈಯ ಓಟ ಹೇಗಿತ್ತೆಂದು ತಿಳಿಯುವುದು ಬಹುಮಟ್ಟಿಗೆ ಈ ಪ್ಲೇಟುಗಳಿಂದ.

ಫಿಲ್‌ಹಾರ್ಮೋನಿಯಾ ಕಟ್ಟಿದ ವಾಲ್ಟರ್ ಲೆಗ್ ಒಮ್ಮೆ ಮೈಸೂರಿಗೇ ಬಂದು ವಾರಗಟ್ಟಲೆ ಉಳಿದ. ಅರಮನೆಯ ಧ್ವನಿಮುದ್ರಿಕೆಗಳ ಭಂಡಾರ, ಸಾಲು ಸಾಲು ಲೌಡ್‌ಸ್ಪೀಕರು, ದೊಡ್ಡ ಪಿಯಾನೊಗಳನ್ನು ನೋಡಿ ಬೆರಗಾದದ್ದನ್ನು ಮುಂದೆ ಬರೆದುಕೊಂಡಿದ್ದಾನೆ. ಹೋಗುವಾಗ ಮೂರು ವರ್ಷ, ವರ್ಷಕ್ಕೆ 10,000 ಪೌಂಡಿನಂತೆ ನೆರವಿನ ಭರವಸೆ ಅವನ ಕೈಯಲ್ಲಿತ್ತು. ಆ ಬಲದ ಮೇಲೆ ಅವನು ಕಾರಾಯಾನ್‌ನನ್ನು ವಾದ್ಯವೃಂದಕ್ಕೆ ಕರೆತಂದ. ಬಾಲಕಿರೆಫ್‌ನ ಮೊದಲ ಸಿಂಫನಿ, ರೂಸೆಲ್‌ನ ನಾಲ್ಕನೆಯದು ಕಾರಾಯಾನ್‌ನ ಕೈಯಲ್ಲಿ 1949ರಲ್ಲಿ ಮುದ್ರಣವಾದದ್ದರ ಹಿಂದೆಯೂ ಮೈಸೂರಿನ ಆಸೆಯಿತ್ತು.

ಇನ್ನೊಂದು ಪ್ರಸಂಗ ನನಗೆ ಇವೆಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚಿನ ವರ್ಷ ಬರೆದ 'ನಾಲ್ಕು ಕೊನೆಯ ಹಾಡುಗಳು' ಮೊದಲ ಬಾರಿ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್. ಅದಕ್ಕೆ 4,800 ಡಾಲರಿನ ಭರವಸೆ ಕೊಟ್ಟವರು ಒಡೆಯರ್. ಅವರು ಅಲ್ಲಿಗೆ ಹೋಗಲಾಗಲಿಲ್ಲ. ಮುದ್ರಿಸಿ ಮೈಸೂರಿಗೆ ಕಳಿಸಿ ಎಂದರು. ಸವೆದು ಗರಗರ ಎನ್ನುವ ಆ ಮುದ್ರಣ ಉಳಿದುಕೊಂಡು, ದಶಕಗಳ ಮೇಲೆ ಸಿಡಿಯಾಗಿ ಹೊರಬಂತು. ಸಾವನ್ನು ಎದುರು ನೋಡುತ್ತ ಕೂತ ಮುದುಕನ ಹಾಡು, ಅದನ್ನು ಕಾಸು ಕೊಟ್ಟು ಆಗಗೊಳಿಸಿ, ತಿಂಗಳುಗಟ್ಟಲೆ ಕಾದು, ಸೂಜಿಯ ಕೆಳಗೆ ಕೇಳಬೇಕಾದ ಮೂವತ್ತರ ದೊರೆ.

ಇನ್ನು ಕಾಸಿನ ಮಾತು. 1873ರಲ್ಲಿ ಲವೆಲ್ ಎಂಬ ಐರಿಷ್ ಸಿಪಾಯಿ ಕೋಲಾರದ ಕಡೆ ಚಿನ್ನ ಹುಡುಕಲು ಅನುಮತಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಅಲ್ಲಿಂದ ಮುಂದೆ ತೆಗೆದ ಬಂಗಾರದ ಮೌಲ್ಯದಲ್ಲಿ ನೂರಕ್ಕೆ ಸುಮಾರು ಐದರಷ್ಟು ರಾಜಧನವಾಗಿ ಸಂಸ್ಥಾನಕ್ಕೆ ಸಲ್ಲತೊಡಗಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದು ಬಂದದ್ದು ಗಣಿಗಳಿಗೆ, ಬೆಂಗಳೂರಿಗಲ್ಲ. ಆ ವಿದ್ಯುತ್ತಿನ ಹಣವೂ ಸಂಸ್ಥಾನಕ್ಕೇ. ಕಾಲೇಜು, ಅಣೆಕಟ್ಟು, ಆಸ್ಪತ್ರೆ, ಅರಮನೆಯ ಖರ್ಚು ಎಲ್ಲವೂ ಒಂದೇ ಬೊಕ್ಕಸದ ನೀರು ಕುಡಿದವು. ಮೆಟ್ನರನಿಗೆ ಹೋದ ಪೌಂಡು ಊರಿಗಾಮಿನದೋ ಚನ್ನಪಟ್ಟಣದ ರೇಷ್ಮೆಯದೋ ಎಂದು ಬೇರ್ಪಡಿಸಿ ಹೇಳುವುದು ಕೆರೆಗೆ ಬಿದ್ದ ಮಳೆಹನಿಯನ್ನು ಹುಡುಕಿದ ಹಾಗೆ. ಆದರೆ ಮೈಸೂರು ಸಂಸ್ಥಾನ ಶ್ರೀಮಂತ ಎನಿಸಿಕೊಂಡದ್ದರಲ್ಲಿ ನಮ್ಮ ಗಣಿಗಳ ಪಾಲು ದೊಡ್ಡದು. ಅದರಲ್ಲಿ ಅನುಮಾನವಿಲ್ಲ.

ಅದೇ ದಶಕದಲ್ಲಿ ಆ ಗಣಿಗಳೊಳಗೆ ಏನು ನಡೆಯುತ್ತಿತ್ತು? ಚಾಂಪಿಯನ್ ರೀಫ್ ಶಾಫ್ಟ್ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಕೊನೆಗೆ ಮೂರು ಕಿಲೋಮೀಟರ್ ದಾಟಿ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಕಾವು 60 ಡಿಗ್ರಿ ಮೀರುತ್ತದೆ. ಒತ್ತಡಕ್ಕೆ ಬಂಡೆ ತಾನೇ ಸಿಡಿಯುತ್ತಿತ್ತು. ಮೇಲಿನ ಲೈನು ಮನೆಗಳಲ್ಲಿ ಪಾತ್ರೆ ಅಲುಗಿದರೆ ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರಂತೆ. ಸಿಡಿತಕ್ಕಿಂತ ಮೆಲ್ಲಗೆ ಕೊಂದದ್ದು ಕಲ್ಲಿನ ಧೂಳು. 1940ರಿಂದ 46ರ ನಡುವೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಕಂಡಿತು. 1946ರಲ್ಲಿ ಕೆ.ಎಸ್. ವಾಸನ್ ಮುಂತಾದವರ ಮುಂದಾಳ್ತನದಲ್ಲಿ ದೊಡ್ಡ ಮುಷ್ಕರವೂ ಆಯಿತು. ಮರುವರ್ಷ ಲಂಡನ್ನಿನಲ್ಲಿ ಮೆಟ್ನರ್ ತನ್ನ ಕನ್ಸರ್ಟೊಗಳನ್ನು ನುಡಿಸಿದ.

ಹೀಗೆ ಎರಡನ್ನೂ ಅಕ್ಕಪಕ್ಕ ಇಟ್ಟು ದೊರೆಯನ್ನು ಕಟಕಟೆಗೆ ಹತ್ತಿಸುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಗಣಿ ನಡೆಸುತ್ತಿದ್ದವರು ಲಂಡನ್ನಿನ ಕಂಪನಿಯವರು. ಲಾಭದ ದೊಡ್ಡ ಪಾಲು ಹೋದದ್ದು ಅಲ್ಲಿನ ಷೇರುದಾರರಿಗೆ. ಅವರಲ್ಲಿ ಎಷ್ಟು ಜನ ತಮಗೆ ಬಂದ ದುಡ್ಡಿನಿಂದ ಬಡ ರಚನಕಾರನೊಬ್ಬನನ್ನು ಸಾಕಿದರು? ಕೋಲಾರದ ಬಂಗಾರದ ಪುಡಿಗಾಸು ಮೈಸೂರು ಸುತ್ತಿ, ಮತ್ತೆ ಅದೇ ಲಂಡನ್ನಿಗೆ ಹೋಗಿ, ಅಲ್ಲಿನವರೇ ಕೈಬಿಟ್ಟ ಸಂಗೀತವನ್ನು ಉಳಿಸಿತು. ಈ ತಿರುವಿನಲ್ಲಿ ನನಗೆ ಸ್ವಲ್ಪ ತಮಾಷೆ, ಸ್ವಲ್ಪ ಹೆಮ್ಮೆ ಎರಡೂ ಕಾಣುತ್ತವೆ.

ನನ್ನ ತಕರಾರು ಬೇರೆ. ಕೆಜಿಎಫ್‌ನಲ್ಲಿ ಸಂಗೀತಕ್ಕೆ ಬರವಿರಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು ಮೆಥಡಿಸ್ಟ್ ಪಂಥದವರು. ನಾಲ್ಕು ಸ್ವರಪಾಳಿಯಲ್ಲಿ ಗೀತೆ ಹಾಡುವುದು ಅವರಿಗೆ ರಕ್ತಗತ. ಊರಿಗಾಮಿನ ಸಂತ ಮೈಕೇಲರ ಚರ್ಚು, ಚಾಂಪಿಯನ್ ರೀಫಿನ ವಿಜಯಮಾತೆಯ ಚರ್ಚುಗಳಲ್ಲಿ ಹಾಡಿಗೆ ಕೊರತೆಯಿರಲಿಲ್ಲ. ಬೆಂಗಳೂರಿನ ಸಂತ ಆಂಡ್ರೂಸ್ ಚರ್ಚಿನ ಪೈಪ್ ಆರ್ಗನ್ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಪೀಟರ್ ಕಾನಕರ್ ಕಂಪನಿ 1881ರಲ್ಲಿ ಮಾಡಿದ್ದು. ಅಷ್ಟು ದೊಡ್ಡ ಯಂತ್ರ ಎಲ್ಲರಿಗೂ ಎಟುಕದು. ಅದೇ ಗಾಳಿ-ರೀಡುಗಳ ಬಡ ತಮ್ಮ ಹಾರ್ಮೋನಿಯಂ ಲೈನು ಮನೆಗಳ ಭಜನೆಗೆ, ನಾಟಕಕ್ಕೆ, ಶುಭಸಂದೇಶದ ಹಾಡಿಗೆ ಒದಗಿತು. ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತರ ಪರೈ, ಚಿತ್ತೂರಿನ ಕಡೆಯ ತೆಲುಗು ಪದಗಳು, ಸುತ್ತಲಿನ ನಮ್ಮ ಹಳ್ಳಿಗಳ ಕನ್ನಡ ತತ್ವಪದ ಎಲ್ಲ ಒಂದೇ ಊರಿನ ಗಾಳಿಯಲ್ಲಿದ್ದವು. ಈಚೆಗೆ ಬಂಗಾರಪೇಟೆ ಎಂದರೆ ಜನ ಪಾನಿಪುರಿ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ನಾಲ್ಕು ಭಾಷೆಯ ಹಾಡು ರೈಲು ಬದಲಿಸುತ್ತಿದ್ದ ಜಂಕ್ಷನ್ನು. ಏನು ಮುದ್ರಣವಾಗಿಲ್ಲ ಎಂದು ಅಷ್ಟು ಚೆನ್ನಾಗಿ ತಿಳಿದಿದ್ದ ಕಿವಿ ಈ ಕಡೆ ತಿರುಗಿದ್ದರೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ. ಅದು ದೊರೆಯೊಬ್ಬರ ಕೊರತೆಯೇನೂ ಅಲ್ಲ. ಕೂಲಿಯವರ ಹಾಡು ಸಂಗೀತ ಎಂದು ಆ ಕಾಲದ ವಿದ್ವತ್ತೇ ಎಣಿಸಿರಲಿಲ್ಲ.

ಸ್ವಾತಂತ್ರ್ಯದ ನಂತರ ಸಂಸ್ಥಾನ ಹೋಯಿತು, ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ್ಯ ಉಳಿಯಿತು. ಲಂಡನ್ನಿಗೆ ಹೋಗುತ್ತಿದ್ದ ನೆರವು ನಿಂತಿತು. ಒಡೆಯರ ಗಮನ ಅಷ್ಟರಲ್ಲಾಗಲೇ ಮನೆಯ ಸಂಗೀತದ ಕಡೆ ಹೊರಳಿತ್ತು. 'ಶ್ರೀವಿದ್ಯಾ' ಅಂಕಿತದಲ್ಲಿ ಅವರು ರಚಿಸಿದ 94 ಕೃತಿಗಳು ಸಂಸ್ಕೃತದಲ್ಲಿವೆ; ಗಂಭೀರನಾಟ ರಾಗದ 'ಶ್ರೀ ಜಾಲಂಧರ' ಕಛೇರಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಪಾಶ್ಚಾತ್ಯ ಸಂಗೀತವನ್ನು ಅಷ್ಟು ಆಳಕ್ಕೆ ಅರೆದು ಕುಡಿದವರ ಕೃತಿಗಳಲ್ಲಿ ಅದರ ಸುಳಿವೇ ಇಲ್ಲದಿರುವುದು ನನಗೆ ಅವರ ವಿದ್ವತ್ತಿನ ಅತಿ ದೊಡ್ಡ ಗುರುತಾಗಿ ಕಾಣುತ್ತದೆ. ಎರಡು ಭಾಷೆ ಚೆನ್ನಾಗಿ ಬಲ್ಲವನು ಬೆರೆಸಿ ಮಾತಾಡುವುದಿಲ್ಲ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಅವರನ್ನು ಫೆಲೋ ಆಗಿ ಗೌರವಿಸಿತು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಹುಟ್ಟಿ ಅವರು ಅದರ ರಾಜ್ಯಪಾಲರಾದರು. ಅದೇ ತಿಂಗಳ ಕೊನೆಗೆ ಅವರ ಸರ್ಕಾರ ಜಾನ್ ಟೇಲರ್ ಕಂಪನಿಯ ಕೈಯಿಂದ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. ಒಡೆಯರ್ 1974ರ ಸೆಪ್ಟೆಂಬರ್ 23ರಂದು ತೀರಿಕೊಂಡರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆ ಹೊತ್ತಿಗೆ ಅವು ಕೊಟ್ಟಿದ್ದ ಬಂಗಾರ ಸುಮಾರು 800 ಟನ್. ಮಾರಿಕುಪ್ಪಂನ ಹಳಿ ಇನ್ನೂ ಇದೆ. ಬೆಳಗಿನ ಜಾವದ ರೈಲಿನಲ್ಲಿ ಗಣಿಯವರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ಕಿವಿಯಲ್ಲಿ ಇಯರ್‌ಫೋನು. ಅವರ ತಾತಂದಿರು ಪಾಳಿ ಇಳಿಯುವಾಗ ಏನು ಹಾಡುತ್ತಿದ್ದರು ಎಂಬುದು ಊರಿಗಾಮ್, ಚಾಂಪಿಯನ್ ರೀಫಿನಲ್ಲಿ ಎಂಬತ್ತು ದಾಟಿದ ಕೆಲವರಿಗೆ ಈಗಲೂ ಬಾಯಲ್ಲಿದೆ.