ಕ್ರಷರ್ ಪುಡಿ: ಮಂಡ್ಯ ಸೀಮೆಯ ಕಟ್ಟಡ ಸಾಮಗ್ರಿಯಾಗಿ

ಬಂಡೆ ಒಡೆದು ಜಲ್ಲಿ ಮಾಡುವಾಗ ಜರಡಿಯ ಕೆಳಗೆ ಉಳಿಯುವ, 4.75 ಮಿ.ಮೀ.ಗಿಂತ ಸಣ್ಣ ಚೂರು ಮತ್ತು ಹುಡಿಯೇ ಕ್ರಷರ್ ಪುಡಿ. ಕೆಲಸಗಾರರ ಬಾಯಲ್ಲಿ ಇದು ‘ಡಸ್ಟ್’. ಕ್ವಾರಿಯ ಕಸವೆಂದು ರಾಶಿ ಬೀಳುತ್ತಿದ್ದ ಇದು ಈಗ ಸಿಮೆಂಟ್ ಬ್ಲಾಕ್, ನೆಲಹಾಸು ಬಿಲ್ಲೆ ಮತ್ತು ಕಾಂಕ್ರೀಟಿಗೆ ಬಳಕೆಯಾಗುತ್ತಿದೆ.

ಮಂಡ್ಯ ಜಿಲ್ಲೆಯ ತಳಪಾಯ ಗ್ರಾನೈಟ್ ಮತ್ತು ನೈಸ್ ಶಿಲೆಯದು. 1911ರಲ್ಲಿ ಕೆಲಸ ಆರಂಭವಾದ, ಇದೇ ಜಿಲ್ಲೆಯ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್ ಅಣೆಕಟ್ಟಿನ) ಕಲ್ಲುಗಳನ್ನು ಹಿಡಿದಿಟ್ಟದ್ದು ಸುಣ್ಣ ಮತ್ತು ಸುರ್ಕಿಯ ಗಾರೆ. ಸುಟ್ಟ ಜೇಡಿಮಣ್ಣಿನ ಪುಡಿಯಾದ ಸುರ್ಕಿ ಸುಣ್ಣದೊಡನೆ ರಾಸಾಯನಿಕವಾಗಿ ಬೆರೆತು ಗಟ್ಟಿಯಾಗುತ್ತದೆ. ಕಲ್ಲುಪುಡಿಗೆ ಆ ಗುಣವಿಲ್ಲ, ಅದು ಸಂದು ತುಂಬುತ್ತದೆ ಅಷ್ಟೆ. ಆದ್ದರಿಂದ ಕ್ರಷರ್ ಪುಡಿ ಮರಳಿನ ಜಾಗಕ್ಕೆ ಬರಬಲ್ಲದೇ ಹೊರತು ಸಿಮೆಂಟಿನ ಜಾಗಕ್ಕಲ್ಲ.

ಕಾವೇರಿ, ಹೇಮಾವತಿ, ಶಿಂಷಾ ನದಿಗಳಲ್ಲಿ ಮರಳು ಸಿಗುತ್ತಿದ್ದಷ್ಟು ದಿನ ಪುಡಿಯತ್ತ ಯಾರೂ ತಿರುಗಿ ನೋಡಲಿಲ್ಲ. ಮದ್ದೂರನ್ನು ಹಾದು, ಮಳವಳ್ಳಿ ಸೀಮೆಯಲ್ಲಿ ಹರಿದು ಕಾವೇರಿ ಸೇರುವ ಶಿಂಷಾ, ಮರಳು ದಂಧೆಯ ಪೆಟ್ಟು ತಿಂದ ಹೊಳೆ. ಮಳೆನೀರನ್ನು ಹಿಡಿದಿಟ್ಟು ದಡದ ಬಾವಿಗಳಿಗೆ ಉಣಿಸುವುದು ಹೊಳೆಯ ಮರಳೇ. ಅದನ್ನು ಬಗೆದರೆ ಅಂತರ್ಜಲವೂ ಇಳಿಯುತ್ತದೆ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, 5 ಹೆಕ್ಟೇರಿಗಿಂತ ಸಣ್ಣ ಮರಳು ಗಣಿಗೂ ಪರಿಸರ ಅನುಮತಿ ಬೇಕೆಂದು ಆದೇಶಿಸಿತು. ಅದಕ್ಕೂ ಮುಂಚೆ, 2011ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಅವರು ರಾಜ್ಯದ ಗಣಿ ಇಲಾಖೆಗಾಗಿ, ಕಲ್ಲು ಅರೆದು ತಯಾರಿಸುವ ಮರಳಿನ (ಎಂ-ಸ್ಯಾಂಡ್) ಗಾರೆ, ಕಾಂಕ್ರೀಟುಗಳನ್ನು ಪರೀಕ್ಷಿಸಿದ್ದರು.

ಪುಡಿಯ ತೊಡಕು ಅದರ ಆಕಾರ ಮತ್ತು ನಯದಲ್ಲಿದೆ. ಚಪ್ಪಟೆ ಚೂರುಗಳು, ಹಿಟ್ಟಿನಂಥ ಹುಡಿ ಹೆಚ್ಚಾದರೆ ಮಿಶ್ರಣ ನೀರು ಕೇಳುತ್ತದೆ. ನೀರು ಸುರಿದರೆ ಬಲ ಕುಗ್ಗುತ್ತದೆ, ಬಲ ಉಳಿಸಲು ಸಿಮೆಂಟ್ ಹೆಚ್ಚಿಸಬೇಕು. ಸಿಮೆಂಟ್ ಹೆಚ್ಚಾದ ಮೇಲೆ ಪರಿಸರಕ್ಕೆ ಆದ ಲಾಭವೇನು? ಭಾರತೀಯ ಮಾನಕ ಐಎಸ್ 383 ಪ್ರಕಾರ 75 ಮೈಕ್ರಾನ್‌ಗಿಂತ ನಯವಾದ ಹುಡಿ ನದಿ ಮರಳಿನಲ್ಲಿ ಶೇ. 3 ಮೀರಬಾರದು, ಒಡೆದ ಕಲ್ಲಿನ ಮರಳಿನಲ್ಲಿ ಶೇ. 15ರವರೆಗೆ ಇರಬಹುದು. ನೀರು ಕಡಿಮೆಯಿಟ್ಟು, ಅದುರಿಸಿ ಒತ್ತುವ ಬ್ಲಾಕುಗಳಲ್ಲಿ ಈ ಹುಡಿ ಅಷ್ಟು ಕಾಡದು. ಸಂದು ಮುಚ್ಚಿ ಅಂಚು ಚೊಕ್ಕವಾಗಿಸುತ್ತದೆ. ಹಳೇ ಮೈಸೂರು ಸೀಮೆಯ ಊರೂರಲ್ಲೂ ಸುಟ್ಟ ಇಟ್ಟಿಗೆಯ ಜಾಗಕ್ಕೆ ಸಿಮೆಂಟ್ ಬ್ಲಾಕ್ ಬಂದಿರುವುದಕ್ಕೆ ಇದೂ ಒಂದು ಕಾರಣ.

ರಾಜ್ಯದ ಎಲ್ಲ ಗಣಿ ತ್ಯಾಜ್ಯಗಳಿಗೂ ಈ ಭಾಗ್ಯ ಬಂದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯಲ್ಲಿ (ಕೆಜಿಎಫ್), ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಹುಡಿ ಇದೆ. ಅದರಿಂದ ಇಟ್ಟಿಗೆ ಮಾಡುವ ಪ್ರಯೋಗ ಕೆಜಿಎಫ್‌ನ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯಲ್ಲಿ ನಡೆದು, 2007ರಲ್ಲಿ ಪ್ರಕಟವಾಯಿತು. ಶೇ. 20 ಸಿಮೆಂಟ್ ಬೆರೆಸಿ 14 ದಿನ ನೀರುಣಿಸಿದಾಗ ಇಟ್ಟಿಗೆ ಯೋಗ್ಯವೆನಿಸಿತು. ಆದರೆ ಅಷ್ಟು ಸಿಮೆಂಟ್ ದುಬಾರಿ.

ಎಂ-ಸ್ಯಾಂಡ್ ಎಲ್ಲವನ್ನೂ ತ್ಯಾಜ್ಯದ ಮರುಬಳಕೆ ಎನ್ನುವುದು ಸರಿಯಲ್ಲ. ಜಲ್ಲಿಯ ಜೊತೆ ತಾನಾಗಿ ಬೀಳುವ ಪುಡಿ ತ್ಯಾಜ್ಯ. ಮರಳಿಗೆಂದೇ ಹೊಸ ಬಂಡೆ ಸಿಡಿಸಿ ಅರೆದದ್ದು ಹೊಸ ಗಣಿಗಾರಿಕೆ. ಹೊಳೆ ಉಳಿಸಲು ಬೆಟ್ಟ ಕೊಡುವ ಲೆಕ್ಕ ಅದು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಳ ಸಿಡಿತದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವಾದೀತೆಂಬ ಆತಂಕ ವರ್ಷಗಳಿಂದಲೂ ಇತ್ತು. 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟು ಸುರಕ್ಷತಾ ಕಾಯ್ದೆಯಡಿ ಅಧ್ಯಯನ ಮುಗಿಯುವವರೆಗೆ ಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಯಕೂಡದೆಂದು ಆದೇಶಿಸಿತು.